ಬಂದೂಕು ಹಿಡಿದವರ ಕಚೇರಿ ಕೆಲಸ

1996ರ ಮೇ ತಿಂಗಳಲ್ಲಿ ವಿದ್ಯುತ್ ಕೊರತೆ ತಾಳಲಾರದೆ ಶ್ರೀಲಂಕಾ ಸರ್ಕಾರ ಇಡೀ ದೇಶದ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿತು. ಅಕ್ಟೋಬರ್ ಹೊತ್ತಿಗೆ ಅದು ಅತಿಯಾಯಿತೆನಿಸಿ ಅರ್ಧ ಗಂಟೆ ಹಿಂದಕ್ಕೆ ತಂದಿತು. ಅಲ್ಲಿಂದ 2006ರ ಏಪ್ರಿಲ್‌ವರೆಗೆ ಕೊಲಂಬೊ ನಮಗಿಂತ ಅರ್ಧ ಗಂಟೆ ಮುಂದೆ. ಆದರೆ ಅದೇ ದ್ವೀಪದ ಉತ್ತರದಲ್ಲಿ, ಎಲ್‌ಟಿಟಿಇ ಹಿಡಿತದಲ್ಲಿದ್ದ ವನ್ನಿ ಸೀಮೆಯಲ್ಲಿ, ಹಳೆಯ ಸಮಯವೇ ನಡೆಯಿತು. ಹತ್ತು ವರ್ಷ ಆ ಪುಟ್ಟ ದ್ವೀಪದಲ್ಲಿ ಎರಡು ಗಡಿಯಾರಗಳಿದ್ದವು.

ಬಂಡುಕೋರರೆಂದರೆ ನಮ್ಮ ಕಣ್ಣಿಗೆ ಕಟ್ಟುವುದು ಕಾಡು, ಬಂದೂಕು, ಬಾಂಬು. ಬೆಂಗಳೂರಿನ ಹಿರಿಯರಿಗಂತೂ ಎಲ್‌ಟಿಟಿಇ ಎಂದರೆ 1991ರ ಆಗಸ್ಟ್‌ನಲ್ಲಿ ಕೋಣನಕುಂಟೆಯ ಮನೆಯೊಂದರಲ್ಲಿ ರಾಜೀವ್ ಗಾಂಧಿ ಹತ್ಯೆಯ ಸಂಚುಕೋರ ಶಿವರಾಸನ್ ಮತ್ತು ಅವನ ಸಂಗಡಿಗರು ಸತ್ತು ಬಿದ್ದ ಸುದ್ದಿ. ಈಗ ಗಂಟೆ ಎಷ್ಟು ಎಂದು ತೀರ್ಮಾನಿಸುವ ಕೆಲಸ ಮಾತ್ರ ಕಾಡಿನದಲ್ಲ, ಕಚೇರಿಯದು. ಅಂತರ್ಯುದ್ಧಗಳ ಬಗ್ಗೆ ಕಳೆದ ಇಪ್ಪತ್ತು ವರ್ಷಗಳಲ್ಲಿ ನಡೆದಿರುವ ಅಧ್ಯಯನಗಳಲ್ಲಿ ನನಗೆ ಬಹಳ ಹಿಡಿಸಿದ್ದು ಈ ಕಚೇರಿ ಕೆಲಸದ ಬಗೆಗಿನ ಅಧ್ಯಯನಗಳು. ಬಂಡುಕೋರರು ಕಂದಾಯ ಹೇಗೆ ಎತ್ತುತ್ತಾರೆ, ಹೊಲದ ಬದುವಿನ ಜಗಳ ಯಾರು ಬಗೆಹರಿಸುತ್ತಾರೆ, ಶಾಲೆ ಮೇಷ್ಟ್ರಿಗೆ ಸಂಬಳ ಎಲ್ಲಿಂದ ಬರುತ್ತದೆ, ಇಂಥ ಪ್ರಶ್ನೆಗಳು.

2002ರ ಫೆಬ್ರವರಿಯಲ್ಲಿ ನಾರ್ವೆಯ ಮಧ್ಯಸ್ಥಿಕೆಯಲ್ಲಿ ಕದನವಿರಾಮವಾಗಿ, ಕ್ಯಾಂಡಿಯಿಂದ ಜಾಫ್ನಾಕ್ಕೆ ಹೋಗುವ ಎ9 ಹೆದ್ದಾರಿ ತೆರೆದಾಗ ಹೊರಗಿನವರಿಗೆ ಈ ಲೋಕ ಕಣ್ಣಾರೆ ಕಂಡಿತು. ವವುನಿಯಾ ದಾಟಿ ಓಮಂತೈಯಲ್ಲಿ ಸೇನೆಯ ತಪಾಸಣೆ. ಮುಂದೆ ಯಾರಿಗೂ ಸೇರದ ಒಂದಷ್ಟು ದೂರ. ಅದಾದ ಮೇಲೆ ಹುಲಿಗಳ, ಅಂದರೆ ಎಲ್‌ಟಿಟಿಇಯವರ, ಠಾಣೆ. ಅಲ್ಲಿ ಫಾರಂ ತುಂಬಬೇಕು, ತಂದ ಸಾಮಾನಿನ ಪಟ್ಟಿ ತೋರಿಸಬೇಕು, ಸುಂಕ ಕಟ್ಟಿ ರಸೀದಿ ಪಡೆಯಬೇಕು. ರಸ್ತೆಯಲ್ಲಿ ವೇಗ ಹೆಚ್ಚಿದರೆ ತಿಳಿನೀಲಿ ಅಂಗಿಯ ‘ತಮಿಳ್ ಈಳಂ ಪೊಲೀಸ್’ ದಂಡ ಹಾಕುತ್ತಿತ್ತು. ಈ ಪೊಲೀಸ್ ಪಡೆ ಹುಟ್ಟಿದ್ದು 1991ರಲ್ಲಿ, ನ್ಯಾಯಾಲಯಗಳು 1993ರಲ್ಲಿ, ಬ್ಯಾಂಕು 1994ರಲ್ಲಿ. ಅದೇ ವರ್ಷ ತಮ್ಮದೇ ದಂಡಸಂಹಿತೆ ಮತ್ತು ಸಿವಿಲ್ ಸಂಹಿತೆಯನ್ನೂ ಬರೆದುಕೊಂಡರು. ವಕೀಲರನ್ನು ತಯಾರು ಮಾಡಲು ಕಾನೂನು ಕಾಲೇಜು ಸಹ ಇತ್ತು. ಇಷ್ಟೂ ಕಚೇರಿಗಳ ರಾಜಧಾನಿ ಕಿಳಿನೊಚ್ಚಿ ಎಂಬ ಸಾಧಾರಣ ಪಟ್ಟಣ. ನಾರ್ವೆಯ ಭೂಗೋಳ ಶಾಸ್ತ್ರಜ್ಞ ಕ್ರಿಸ್ಟಿಯನ್ ಸ್ಟೋಕೆ 2006ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನು ಹುಟ್ಟುತ್ತಿರುವ ರಾಜ್ಯವೆಂದೇ ಪರಿಗಣಿಸಿ ಅದರ ಅಂಗಾಂಗಗಳನ್ನು ಒಂದೊಂದಾಗಿ ವಿವರಿಸಿದ.

ಇಲ್ಲೊಂದು ಸ್ವಾರಸ್ಯವಿದೆ. ಈ ‘ರಾಜ್ಯ’ದ ಶಾಲೆ, ಆಸ್ಪತ್ರೆ, ಕಚೇರಿಗಳ ನೌಕರರಿಗೆ ಸಂಬಳ ಬರುತ್ತಿದ್ದದ್ದು ಕೊಲಂಬೊದಿಂದ. ಹುಲಿಗಳ ಪ್ರದೇಶದಲ್ಲೂ ಸರ್ಕಾರದ ಜಿಲ್ಲಾ ಅಧಿಕಾರಿ ತನ್ನ ಕಚೇರಿಯಲ್ಲಿ ಕೂತೇ ಇದ್ದ. ಮಕ್ಕಳು ಬರೆಯುತ್ತಿದ್ದದ್ದು ಶ್ರೀಲಂಕಾ ಸರ್ಕಾರದ ಪರೀಕ್ಷೆ, ನಿವೃತ್ತರು ಪಡೆಯುತ್ತಿದ್ದದ್ದು ಶ್ರೀಲಂಕಾ ಸರ್ಕಾರದ ಪಿಂಚಣಿ. ಯಾರ ಮೇಲೆ ಬಾಂಬು ಹಾಕುತ್ತಿದ್ದರೋ ಅವರ ಊರಿನ ಮೇಷ್ಟ್ರಿಗೆ ತಿಂಗಳು ತಿಂಗಳು ಸಂಬಳ ಕಳಿಸುವುದು ಹುಚ್ಚಾಟದಂತೆ ಕಾಣುತ್ತದೆ. ಅಲ್ಲ. ಸಂಬಳ ನಿಲ್ಲಿಸಿದರೆ ‘ಇವರು ನಮ್ಮ ಪ್ರಜೆಗಳಲ್ಲ’ ಎಂದು ಕೊಲಂಬೊ ತಾನೇ ಒಪ್ಪಿಕೊಂಡಂತೆ. ಆಮೇಲೆ ಆ ನೆಲ ತನ್ನದೆಂದು ಯಾವ ಬಾಯಲ್ಲಿ ಹೇಳುವುದು? ಹುಲಿಗಳ ಲೆಕ್ಕ ಇನ್ನೂ ಸರಳ. ಖರ್ಚು ಕೊಲಂಬೊದ್ದು, ಉಸ್ತುವಾರಿ ತಮ್ಮದು, ಜನರ ಮುಂದೆ ಹೆಸರೂ ತಮ್ಮದೇ. ಕದನದ ನಡುವೆ ಎರಡೂ ಕಡೆಯವರು ಬಾಯಿಬಿಟ್ಟು ಹೇಳದೆ ಪಾಲಿಸಿದ ಒಪ್ಪಂದ ಇದು. ಇದು ಲಂಕೆಯಲ್ಲಷ್ಟೇ ನಡೆದದ್ದಲ್ಲ. 2014ರಲ್ಲಿ ಇಸ್ಲಾಮಿಕ್ ಸ್ಟೇಟ್ ಮೊಸುಲ್ ನಗರವನ್ನು ಹಿಡಿದ ಮೇಲೂ ಇರಾಕ್ ಸರ್ಕಾರ ಅಲ್ಲಿನ ನೌಕರರಿಗೆ ಸುಮಾರು ಒಂದು ವರ್ಷ ಸಂಬಳ ಕೊಡುತ್ತಲೇ ಇತ್ತು. ಉಗ್ರರು ಆ ಸಂಬಳದಲ್ಲೂ ಪಾಲು ಮುರಿದುಕೊಂಡರು.

ಹಿಂದಿನ ಪಂಡಿತರು ಅಂತರ್ಯುದ್ಧಗಳ ಬಗ್ಗೆ ಕೇಳುತ್ತಿದ್ದ ಪ್ರಶ್ನೆ ಒಂದೇ: ಅವು ಯಾಕೆ ಹುಟ್ಟುತ್ತವೆ? ದುರಾಸೆಯಿಂದಲೋ ಅನ್ಯಾಯದಿಂದಲೋ ಎಂದು 2000ದ ಆಸುಪಾಸಿನಲ್ಲಿ ಅರ್ಥಶಾಸ್ತ್ರಜ್ಞರು ಅಂಕಿ ಅಂಶಗಳ ರಾಶಿ ಹಾಕಿಕೊಂಡು ವಾದ ಮಾಡಿದರು. ಆ ವಾದ ಈಗ ಸಪ್ಪೆಯಾಗಿದೆ, ಅದನ್ನು ಇಲ್ಲಿ ಎತ್ತುವುದಿಲ್ಲ. ಆಮೇಲೆ ಬಂದವರು ಒಂದು ಮೆಟ್ಟಿಲು ಕೆಳಗಿಳಿದು ಹಳ್ಳಿಗೆ ಹೋದರು. ಅಮೆರಿಕದ ಜೆರೆಮಿ ವೈನ್‌ಸ್ಟೈನ್ ಉಗಾಂಡಾ, ಮೊಜಾಂಬಿಕ್, ಪೆರು ದೇಶಗಳ ಬಂಡುಕೋರರನ್ನು ಹೋಲಿಸಿ 2007ರಲ್ಲಿ ಒಂದು ಪುಸ್ತಕ ಬರೆದ. ಅವನ ವಾದದ ತಿರುಳು ಇಷ್ಟು: ಬಂಡುಕೋರರು ಜನರೊಂದಿಗೆ ಹೇಗೆ ನಡೆದುಕೊಳ್ಳುತ್ತಾರೆ ಎಂಬುದು ಅವರ ಸಿದ್ಧಾಂತದಿಂದ ತಿಳಿಯುವುದಿಲ್ಲ, ದುಡ್ಡು ಎಲ್ಲಿಂದ ಬರುತ್ತದೆ ಎಂಬುದರಿಂದ ತಿಳಿಯುತ್ತದೆ. ಉಗಾಂಡಾದ ಮುಸೆವೆನಿಯ ಪಡೆಗೆ ಆರಂಭದಲ್ಲಿ ವಜ್ರದ ಗಣಿಯೂ ಇರಲಿಲ್ಲ, ವಿದೇಶಿ ಒಡೆಯನೂ ಇರಲಿಲ್ಲ. ಊಟಕ್ಕೂ ಸುಳಿವಿಗೂ ರೈತರನ್ನೇ ನಂಬಬೇಕಿತ್ತು, ಹಾಗಾಗಿ ಹಳ್ಳಿಗಳಲ್ಲಿ ಸಮಿತಿ ಕಟ್ಟಿ ಅವರ ಮಾತು ಕೇಳಿತು. ಮೊಜಾಂಬಿಕ್‌ನ ರೆನಾಮೊವನ್ನು ಸಾಕಿದ್ದು ಮೊದಲು ರೊಡೇಸಿಯಾ, ಆಮೇಲೆ ದಕ್ಷಿಣ ಆಫ್ರಿಕಾದ ಬಿಳಿಯರ ಸರ್ಕಾರ. ಅದಕ್ಕೆ ರೈತರ ಹಂಗಿರಲಿಲ್ಲ. ಅದು ಊರುಗಳ ಮೇಲೆ ನಡೆಸಿದ ಕ್ರೌರ್ಯ ಜಗಜ್ಜಾಹೀರು.

ಸರ್ಕಾರ ಕಟ್ಟುವುದೆಂದರೆ ಮೊದಲು ಕಂದಾಯ, ಆಮೇಲೆ ಪೊಲೀಸು ಎಂಬುದನ್ನು ತಿಳಿಯಲು ಆಫ್ರಿಕಾಕ್ಕೆ ಹೋಗಬೇಕಿಲ್ಲ. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನವರು ಊರು ಸ್ವತಂತ್ರವಾಯಿತೆಂದು ಸಾರಿ ತಮ್ಮದೇ ಸರ್ಕಾರ ಮಾಡಿಕೊಂಡಾಗ ಮೊದಲು ತುಂಬಿದ ಹುದ್ದೆಗಳು ಅಮಲ್ದಾರ ಮತ್ತು ಸಬ್‌ಇನ್‌ಸ್ಪೆಕ್ಟರ್. ಎರಡಕ್ಕೂ ಕೂರಿಸಿದ್ದು ಹುಡುಗರನ್ನು. ಚಿಕ್ಕವರಾದರೆ ಜೈಲಿಗೆ ಹಾಕಲಾರರು ಎಂಬ ಲೆಕ್ಕಾಚಾರವಿತ್ತಂತೆ. ಸರ್ಕಾರದ ಅಸಲಿ ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಊರಿಗೆ ಬಂದಾಗ ನಡೆದ ಘರ್ಷಣೆಯಲ್ಲಿ ಇಬ್ಬರೂ ಸತ್ತರು. 1943ರ ಮಾರ್ಚ್‌ನಲ್ಲಿ ಊರಿನ ಐವರು ಗಲ್ಲಿಗೇರಿದರು. ಆ ಸರ್ಕಾರ ಕೆಲವೇ ದಿನ ಬಾಳಿತು. ಹುದ್ದೆಗಳ ಆಯ್ಕೆಯನ್ನು ನೋಡಿದರೆ ಮಾತ್ರ ರಾಜ್ಯಶಾಸ್ತ್ರದ ಪ್ರಾಧ್ಯಾಪಕರು ತಲೆದೂಗುತ್ತಾರೆ.

ಹುಲಿಗಳ ದುಡ್ಡಿನ ಕಥೆಗೆ ಬರೋಣ. ವೈನ್‌ಸ್ಟೈನ್‌ನ ಸೂತ್ರಕ್ಕೆ ಅವರು ಪೂರ್ತಿ ಸಿಕ್ಕುವುದಿಲ್ಲ. ರಸ್ತೆಯಲ್ಲಿ ಸುಂಕ, ಅಂಗಡಿಗೆ ತೆರಿಗೆ, ನೌಕರರ ಸಂಬಳದಲ್ಲಿ ಪಾಲು, ಇವೆಲ್ಲ ಊರಿನ ಜನರಿಂದ. ಜೊತೆಗೆ ಟೊರಾಂಟೊ, ಲಂಡನ್‌ಗಳಲ್ಲಿ ನೆಲೆಸಿದ್ದ ತಮಿಳರ ದುಡ್ಡು. ಅದರಲ್ಲಿ ಮನಸಾರೆ ಕೊಟ್ಟದ್ದೂ ಇತ್ತು, ಮನೆ ಬಾಗಿಲಿಗೆ ಬಂದು ಬೆದರಿಸಿ ಪಡೆದದ್ದೂ ಇತ್ತು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2006ರಲ್ಲಿ ಈ ವಸೂಲಿಯ ಬಗ್ಗೆಯೇ ಒಂದು ವರದಿ ತಂದಿತು. ಹೀಗೆ ಹೊರಗಿನ ಹಣವೂ ಇತ್ತು, ಒಳಗಿನ ಶಿಸ್ತೂ ಇತ್ತು. ಜಕರಾಯಾ ಮಂಪಿಲ್ಲಿ ಎಂಬ ವಿದ್ವಾಂಸ ಲಂಕಾ, ಸುಡಾನ್ ಮತ್ತು ಕಾಂಗೊಗಳ ಬಂಡುಕೋರರನ್ನು ಅಲ್ಲಲ್ಲಿಗೇ ಹೋಗಿ ಅಧ್ಯಯನ ಮಾಡಿ 2011ರಲ್ಲಿ ಬರೆದ ಪುಸ್ತಕದಲ್ಲಿ ಎಲ್‌ಟಿಟಿಇಯನ್ನು ಸಮರ್ಥ ಆಡಳಿತಗಾರರ ಸಾಲಿಗೆ ಸೇರಿಸಿದ. ಕಾಂಗೊದ ಆರ್‌ಸಿಡಿ ಗುಂಪು ಅವನ ಪಟ್ಟಿಯಲ್ಲಿ ಕಟ್ಟಕಡೆಯದು. ಅದಕ್ಕೆ ರುವಾಂಡಾದ ಬೆಂಬಲವಿತ್ತು, ಜನರ ವಿಶ್ವಾಸ ಇರಲಿಲ್ಲ.

ಸಮರ್ಥ ಎಂಬ ಆ ಗುಣವಾಚಕದ ಮುಂದೆ ನಾನು ಸ್ವಲ್ಪ ನಿಲ್ಲುತ್ತೇನೆ. ಕಳ್ಳತನ ಕಡಿಮೆ, ಲಂಚ ಕಡಿಮೆ, ರಾತ್ರಿ ಹೆಣ್ಣುಮಕ್ಕಳು ಓಡಾಡಬಹುದು ಎಂದು ಕಿಳಿನೊಚ್ಚಿಗೆ ಹೋಗಿ ಬಂದ ಎಷ್ಟೋ ಪತ್ರಕರ್ತರು ಬರೆದರು. ಸುಳ್ಳು ಬರೆದರು ಎನ್ನಲಾರೆ. ಆದರೆ ಅದೇ ಆಡಳಿತ 1990ರ ಅಕ್ಟೋಬರ್‌ನಲ್ಲಿ ಉತ್ತರ ಪ್ರಾಂತ್ಯದ ಮುಸ್ಲಿಮರನ್ನು, 70 ಸಾವಿರಕ್ಕೂ ಹೆಚ್ಚು ಜನರನ್ನು, ಅಲ್ಪ ಗಡುವು ಕೊಟ್ಟು ಹೊರದೂಡಿತ್ತು. ಜಾಫ್ನಾ ಪಟ್ಟಣದವರಿಗೆ ಸಿಕ್ಕಿದ್ದು ಎರಡು ಗಂಟೆ. ಮನೆ, ಅಂಗಡಿ, ಒಡವೆ ಎಲ್ಲ ಅಲ್ಲೇ ಬಿಟ್ಟು ಹೋದರು. ಊರು ಬಿಡಬೇಕೆನ್ನುವ ತಮಿಳರಿಗೆ ಪಾಸು ಬೇಕಿತ್ತು, ಅವರ ಪರ ಜಾಮೀನು ನಿಲ್ಲುವವರು ಬೇಕಿತ್ತು. ಶಾಲೆಗೆ ಹೋದ ಮಕ್ಕಳನ್ನು ಪಡೆಗೆ ಸೇರಿಸಿಕೊಂಡರು. ಶಿಸ್ತು ಚೆನ್ನಾಗಿತ್ತು, ನಿಜ. ಒಲ್ಲೆ ಎಂದವರಿಗೆ ಏನಾಯಿತು ಎಂದು ಕೇಳಿದಾಗ ಮಾತ್ರ ಆ ಶಿಸ್ತಿನ ಬೆಲೆ ತಿಳಿಯುತ್ತದೆ.

ಈ ಪ್ರಶ್ನೆಯನ್ನು ಹೊರಗಿನ ವಿದ್ವಾಂಸರಿಗಿಂತ ಬಹಳ ಮುಂಚೆ ಕೇಳಿದವರು ಜಾಫ್ನಾ ವಿಶ್ವವಿದ್ಯಾಲಯದ ಅಧ್ಯಾಪಕರೇ. ಶರೀರ ರಚನಾಶಾಸ್ತ್ರ ವಿಭಾಗದ ಮುಖ್ಯಸ್ಥೆ ಡಾ. ರಜನಿ ತಿರಣಗಮ, ಗಣಿತ ಕಲಿಸುತ್ತಿದ್ದ ರಾಜನ್ ಹೂಲ್ ಮತ್ತು ಗೆಳೆಯರು 1988ರಲ್ಲಿ ಮಾನವ ಹಕ್ಕುಗಳ ಪರ ಅಧ್ಯಾಪಕರ ಸಂಘವೊಂದನ್ನು ಕಟ್ಟಿದರು. ಅಲ್ಲಿ ಆಗ ಭಾರತದ ಶಾಂತಿಪಾಲನಾ ಪಡೆ ಇತ್ತು, ಹುಲಿಗಳಿದ್ದರು, ಹುಲಿಗಳ ವೈರಿ ಗುಂಪುಗಳಿದ್ದವು. ಇವರು ಎಲ್ಲರ ತಪ್ಪನ್ನೂ ಬರೆದರು, ಭಾರತೀಯ ಸೈನಿಕರ ಅತ್ಯಾಚಾರಗಳನ್ನೂ ಬಿಡಲಿಲ್ಲ. ‘ಮುರಿದ ತಾಳೆಮರ’ ಎಂಬರ್ಥದ ಹೆಸರಿನ ಅವರ ಇಂಗ್ಲಿಷ್ ಪುಸ್ತಕ ಇವತ್ತಿಗೂ ಆ ಯುದ್ಧವನ್ನು ಓದುವವರು ಮೊದಲು ಹಿಡಿಯಬೇಕಾದದ್ದು. 1989ರ ಸೆಪ್ಟೆಂಬರ್ 21ರಂದು ಕಾಲೇಜಿನಿಂದ ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದ ರಜನಿಯವರನ್ನು ಗುಂಡಿಟ್ಟು ಕೊಂದರು. ವಯಸ್ಸು 35. ಎಲ್‌ಟಿಟಿಇಯೇ ಇದನ್ನು ಮಾಡಿಸಿತೆಂದು ಸಹೋದ್ಯೋಗಿಗಳು, ಮನೆಯವರು ಹೇಳುತ್ತ ಬಂದಿದ್ದಾರೆ. ಸಂಘದವರು ತಲೆಮರೆಸಿಕೊಂಡು ವರದಿಗಳನ್ನು ಬರೆಯುತ್ತಲೇ ಹೋದರು. ರಜನಿಯವರ ಮಗಳು ಶಾರಿಕಾ ಮಾನವಶಾಸ್ತ್ರಜ್ಞೆಯಾಗಿ, ಅದೇ ಯುದ್ಧದಲ್ಲಿ ಮನೆ ಕಳೆದುಕೊಂಡ ತಮಿಳರು ಮತ್ತು ಮುಸ್ಲಿಮರ ಬಗ್ಗೆ ಸಂಶೋಧನೆ ಮಾಡಿದರು. ಬಂಡುಕೋರರ ಆಡಳಿತದ ಬಗ್ಗೆ ಒಂದು ವಾಕ್ಯ ಬರೆಯುವುದು ಯಾರಿಗೆ ಎಷ್ಟು ದುಬಾರಿ ಎಂಬುದು ವಿಶ್ವವಿದ್ಯಾಲಯಗಳ ಉಲ್ಲೇಖಪಟ್ಟಿಗಳಲ್ಲಿ ಕಾಣುವುದಿಲ್ಲ.

ಅಂತರ್ಯುದ್ಧದಲ್ಲಿ ಸಾಯುವವರನ್ನು ಕೊಲ್ಲುವುದು ಬಂದೂಕು. ಆದರೆ ಅವರ ಹೆಸರು ಹೇಳುವುದು ಬಹಳ ಸಲ ನೆರೆಮನೆಯವರು. ಗ್ರೀಸ್ ಮೂಲದ ಸ್ಟಾಥಿಸ್ ಕಲಿವಾಸ್ ತನ್ನ ದೇಶದ 1940ರ ದಶಕದ ಅಂತರ್ಯುದ್ಧವನ್ನು ಆರ್ಗೊಲಿಡ್ ಸೀಮೆಯ ಹಳ್ಳಿ ಹಳ್ಳಿಯಲ್ಲಿ ಜಾಲಾಡಿ 2006ರಲ್ಲಿ ಮುಂದಿಟ್ಟ ವಾದ ಇದು. ಒಂದು ಪಕ್ಷದ ಹಿಡಿತ ಪೂರ್ತಿ ಬಿಗಿಯಾಗಿರುವ ಊರಿನಲ್ಲಿ ಕೊಲೆ ಕಡಿಮೆ, ಅಗತ್ಯವೇ ಇರುವುದಿಲ್ಲ. ಇಬ್ಬರ ಹಿಡಿತವೂ ಸಮವಾಗಿರುವ ಊರಿನಲ್ಲೂ ಆರಿಸಿ ಕೊಲ್ಲುವುದು ಕಡಿಮೆ. ನಾಳೆ ಯಾರ ರಾಜ್ಯವೋ ತಿಳಿಯದಿದ್ದಾಗ ಬಾಯಿಬಿಡಲು ಯಾರಿಗೆ ಧೈರ್ಯ? ಒಬ್ಬರ ಕೈ ಮೇಲಾಗಿದ್ದು ಇನ್ನೊಬ್ಬರು ಪೂರ್ತಿ ತೊಲಗಿಲ್ಲದ ಊರುಗಳಲ್ಲಿ ಚಾಡಿಯ ಸುಗ್ಗಿ. ‘ಅವನು ಆ ಕಡೆಯವನು’ ಎಂದು ಪಿಸುಗುಟ್ಟಿದರೆ ಸಾಕು, ಹೊಲದ ವ್ಯಾಜ್ಯವೂ ತೀರಿತು, ಮುರಿದ ಮದುವೆಯ ಮುಯ್ಯೂ ತೀರಿತು. ಪತ್ರಿಕೆಗಳು ಮಾರನೆಯ ದಿನ ಅದನ್ನು ಸಿದ್ಧಾಂತದ ಸಂಘರ್ಷ ಎಂದು ಬರೆಯುತ್ತವೆ.

ಹಾಗಿದ್ದರೆ ಚಾಡಿಯನ್ನೇ ತಡೆದುಬಿಟ್ಟರೆ? ಕೊಲಂಬಿಯಾದ ಕರಾರೆ ನದಿಯ ದಂಡೆಯ ಲಾ ಇಂಡಿಯಾ ಎಂಬ ಹಳ್ಳಿ ಇದನ್ನು ಮಾಡಿ ನೋಡಿತು. 1987ರಲ್ಲಿ ಅಲ್ಲಿನ ರೈತರ ಮುಂದೆ ನಾಲ್ಕು ದಾರಿ ಇಡಲಾಗಿತ್ತು ಎಂದು ಅವರೇ ಹೇಳುತ್ತಾರೆ: ಸೇನೆಯ ಬೆಂಬಲದ ಖಾಸಗಿ ಪಡೆಗಳನ್ನು ಸೇರು, ಗೆರಿಲ್ಲಾಗಳನ್ನು ಸೇರು, ಊರು ಬಿಡು, ಇಲ್ಲವೇ ಸಾಯಿ. ರೈತರು ಸಂಘ ಕಟ್ಟಿಕೊಂಡು ಎಲ್ಲ ಪಡೆಗಳ ಬಳಿಗೂ ಬರಿಗೈಯಲ್ಲಿ ಹೋಗಿ ಮಾತಾಡಿದರು. ನಾವು ಯಾರಿಗೂ ಸುಳಿವು ಕೊಡುವುದಿಲ್ಲ, ಯಾರಿಗಾಗಿಯೂ ಆಯುಧ ಎತ್ತುವುದಿಲ್ಲ. ನಮ್ಮವನೊಬ್ಬನ ಮೇಲೆ ನಿಮಗೆ ಅನುಮಾನ ಬಂದರೆ ಗುಂಡು ಹಾರಿಸುವ ಮುಂಚೆ ನಮಗೆ ಹೇಳಿ, ವಿಚಾರಣೆ ನಾವು ಮಾಡುತ್ತೇವೆ. ಆಶ್ಚರ್ಯವೆಂದರೆ ಪಡೆಗಳು ಒಪ್ಪಿಕೊಂಡವು, ಕೊಲೆಗಳು ಬಹಳ ಇಳಿದವು. 1990ರ ಫೆಬ್ರವರಿಯಲ್ಲಿ ಸಂಘದ ನಾಯಕರನ್ನೂ ಅವರೊಂದಿಗೆ ಇದ್ದ ಪತ್ರಕರ್ತೆ ಸಿಲ್ವಿಯಾ ದುಸಾನ್ ಅವರನ್ನೂ ಸಿಮಿತಾರಾ ಪಟ್ಟಣದಲ್ಲಿ ಕೊಂದರು. ಅದೇ ವರ್ಷ ಸಂಘಕ್ಕೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ನಾಯಕರು ಸತ್ತರೂ ಸಂಘ ಸಾಯಲಿಲ್ಲ. ಕೊಲಂಬಿಯಾದ ಅನಾ ಅರ್ಹೋನಾ ತನ್ನ ದೇಶದ ಹತ್ತಾರು ಊರುಗಳ ಅನುಭವವನ್ನು ಕೂಡಿಸಿ 2016ರಲ್ಲಿ ಕಂಡುಕೊಂಡದ್ದೂ ಇದಕ್ಕೆ ಹೊಂದುತ್ತದೆ. ಯುದ್ಧಕ್ಕೆ ಮೊದಲೇ ಊರಿನ ಜಗಳ ಊರಲ್ಲೇ ನ್ಯಾಯವಾಗಿ ಬಗೆಹರಿಯುತ್ತಿದ್ದ ಕಡೆಗಳಲ್ಲಿ ಬಂಡುಕೋರರು ತೆರಿಗೆ, ಕಾವಲು ಇಷ್ಟಕ್ಕೇ ತೃಪ್ತರಾಗಬೇಕಾಯಿತು. ಪಂಚಾಯ್ತಿ ಕೆಟ್ಟು ಕೂತಿದ್ದ ಕಡೆಗಳಲ್ಲಿ ಗಂಡ ಹೆಂಡಿರ ಜಗಳದಿಂದ ಕುಡಿತದವರೆಗೆ ಎಲ್ಲಕ್ಕೂ ಅವರದೇ ಅಪ್ಪಣೆ. ಅವರು ಬಲವಂತವಾಗಿ ನುಗ್ಗಿದ್ದಷ್ಟೇ ಅಲ್ಲ, ನ್ಯಾಯ ಕಾಣದ ಜನ ತಾವೇ ಅವರ ಬಾಗಿಲಿಗೆ ಹೋದರು.

ವನ್ನಿಯ ಜನಕ್ಕೆ ಲಾ ಇಂಡಿಯಾದ ದಾರಿ ಇರಲಿಲ್ಲ. ಸಂಘ ಕಟ್ಟುವುದಿರಲಿ, ತಮಿಳರಲ್ಲೇ ಬೇರೆ ಪಕ್ಷ, ಬೇರೆ ಗುಂಪು ಎಂದವರನ್ನೆಲ್ಲ ಹುಲಿಗಳು 1980ರ ದಶಕದಲ್ಲೇ ಮುಗಿಸಿದ್ದರು. 2006ರಲ್ಲಿ ಕದನವಿರಾಮ ಮುರಿದು ಬಿದ್ದ ಮೇಲೆ ಮನೆಗೊಬ್ಬರು ಪಡೆಗೆ ಬರಲೇಬೇಕೆಂಬ ನಿಯಮ ಬಿಗಿಯಾಯಿತು. 2009ರ ಜನವರಿ 2ರಂದು ಕಿಳಿನೊಚ್ಚಿ ಸೇನೆಯ ವಶವಾಯಿತು. ಅಲ್ಲಿಂದ ಮೇ ತಿಂಗಳವರೆಗೆ ಲಕ್ಷಾಂತರ ಜನ ಮುಳ್ಳಿವಾಯ್ಕಾಲ್‌ನ ಮರಳುಪಟ್ಟಿಯ ಕಡೆಗೆ ಸರಿಯುತ್ತ ಹೋದರು. ಸರ್ಕಾರ ತಾನೇ ‘ಗುಂಡು ಹಾರಿಸದ ವಲಯ’ ಎಂದು ಸಾರಿದ ಜಾಗಗಳ ಮೇಲೆ, ಆಸ್ಪತ್ರೆಗಳ ಮೇಲೆ ಶೆಲ್ ಸುರಿಸಿತು. ಹುಲಿಗಳು ತಪ್ಪಿಸಿಕೊಂಡು ಓಡುತ್ತಿದ್ದ ತಮ್ಮದೇ ಜನರ ಮೇಲೆ ಗುಂಡು ಹಾರಿಸಿದರು. ಸತ್ತ ನಾಗರಿಕರ ಸಂಖ್ಯೆ 40 ಸಾವಿರದಷ್ಟೂ ಇರಬಹುದು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತು. ನ್ಯಾಯಾಲಯ, ಬ್ಯಾಂಕು, ಪೊಲೀಸು ಎಲ್ಲ ಇದ್ದ ರಾಜ್ಯ ಕೊನೆಗೆ ತನ್ನ ಪ್ರಜೆಗಳನ್ನೇ ಗುರಾಣಿ ಮಾಡಿಕೊಂಡಿತು. ಸಮರ್ಥ ಆಡಳಿತ ಎಂಬ ವರ್ಗೀಕರಣದಲ್ಲಿ ಇದಕ್ಕೆ ಜಾಗ ಎಲ್ಲಿ ಎಂದು ನನಗೆ ಇನ್ನೂ ಹೊಳೆದಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ಸೊಮಾಲಿಲ್ಯಾಂಡ್. ಸೊಮಾಲಿಯಾದ ವಾಯವ್ಯದಲ್ಲಿ, ಹಿಂದೆ ಬ್ರಿಟಿಷರ ಕೈಯಲ್ಲಿದ್ದ ಭಾಗ. 1960ರ ಜೂನ್ 26ರಂದು ಸ್ವತಂತ್ರವಾಗಿ, ಐದೇ ದಿನಕ್ಕೆ ಇಟಲಿಯ ಕೈಯಲ್ಲಿದ್ದ ದಕ್ಷಿಣದೊಂದಿಗೆ ತಾನಾಗಿ ಸೇರಿಕೊಂಡಿತು. 1988ರಲ್ಲಿ ಸರ್ವಾಧಿಕಾರಿ ಸಿಯಾದ್ ಬರ್ರೆಯ ಯುದ್ಧವಿಮಾನಗಳು ಹರ್ಗೇಸಾದ ನಿಲ್ದಾಣದಿಂದಲೇ ಮೇಲೇರಿ ಹರ್ಗೇಸಾದ ಮೇಲೆಯೇ ಬಾಂಬು ಹಾಕಿದವು. ಬರ್ರೆ ಬಿದ್ದ ಮೇಲೆ 1991ರ ಮೇ 18ರಂದು ಎಸ್‌ಎನ್‌ಎಂ ಬಂಡುಕೋರರು ಸ್ವಾತಂತ್ರ್ಯ ಸಾರಿದರು. ಸಾಮಾನ್ಯವಾಗಿ ಇಲ್ಲಿಂದ ಮುಂದೆ ಬಂದೂಕಿನ ನಾಯಕ ಗಟ್ಟಿಯಾಗಿ ಕುರ್ಚಿ ಹಿಡಿಯುತ್ತಾನೆ. ಹಾಗಾಗಲಿಲ್ಲ. 1993ರಲ್ಲಿ ಬೊರಾಮಾ ಎಂಬ ಊರಿನಲ್ಲಿ ಕುಲಗಳ ಹಿರಿಯರು ತಿಂಗಳುಗಟ್ಟಲೆ ಕೂತು ಮಾತಾಡಿ, ಬಂಡುಕೋರರ ಮುಖ್ಯಸ್ಥನನ್ನೇ ಇಳಿಸಿ, ಹಳೆಯ ರಾಜಕಾರಣಿ ಇಗಾಲ್‌ನನ್ನು ಅಧ್ಯಕ್ಷನನ್ನಾಗಿ ಮಾಡಿದರು. ಹಿರಿಯರ ಆ ಸಭೆ, ‘ಗುರ್ತಿ’, ಸಂಸತ್ತಿನ ಮೇಲ್ಮನೆಯಾಗಿ ಇವತ್ತಿಗೂ ಇದೆ. ಕೋವಿ ಹಿಡಿದವರಿಗೆ ಒಲ್ಲೆ ಎನ್ನುವ ಅಧಿಕಾರ ಅಲ್ಲಿ ಯಾರ ಬಳಿಯಾದರೂ ಇತ್ತು.

ಮಾನ್ಯತೆ ಇಲ್ಲದ ದೇಶಕ್ಕೆ ವಿಶ್ವಬ್ಯಾಂಕ್ ಸಾಲ ಕೊಡುವುದಿಲ್ಲ. ಇಗಾಲ್ ಹಣಕ್ಕಾಗಿ ಬರ್ಬೆರಾ ಬಂದರಿನಿಂದ ಕುರಿ, ಒಂಟೆ ಸಾಗಿಸುವ ವ್ಯಾಪಾರಿಗಳ ಮುಂದೆ ಕೈಯೊಡ್ಡಬೇಕಾಯಿತು. ಅವರು ಕೊಟ್ಟರು, ಪ್ರತಿಯಾಗಿ ತೆರಿಗೆಯಲ್ಲಿ ರಿಯಾಯಿತಿಯನ್ನೂ ಆಡಳಿತದಲ್ಲಿ ಮಾತನ್ನೂ ಕೇಳಿ ಪಡೆದರು. ಹೊರಗಿನ ನೆರವು ಬಾರದ್ದೇ ಆ ಸರ್ಕಾರವನ್ನು ಜನರಿಗೆ ಬಗ್ಗಿಸಿತು ಎಂದು ನಿಕೊಲಸ್ ಯೂಬ್ಯಾಂಕ್ ಎಂಬ ರಾಜ್ಯಶಾಸ್ತ್ರಜ್ಞ 2012ರಲ್ಲಿ ವಾದಿಸಿದ. ವೈನ್‌ಸ್ಟೈನ್‌ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. 2003ರ ಅಧ್ಯಕ್ಷ ಚುನಾವಣೆಯಲ್ಲಿ ಮೊದಲು ಘೋಷಿಸಿದ ಗೆಲುವಿನ ಅಂತರ 80 ಮತ. ಸೋತವರು ಕೋವಿ ಎತ್ತದೆ ಕೋರ್ಟಿಗೆ ಹೋದರು. 2024ರ ನವೆಂಬರ್‌ನಲ್ಲಿ ಕುರ್ಚಿಯಲ್ಲಿದ್ದ ಅಧ್ಯಕ್ಷನನ್ನೇ ಮತದಾರರು ಇಳಿಸಿದರು.

ಇಷ್ಟಾದರೂ 34 ವರ್ಷ ವಿಶ್ವಸಂಸ್ಥೆಯ ಯಾವ ಸದಸ್ಯ ದೇಶವೂ ಅದನ್ನು ದೇಶವೆಂದು ಒಪ್ಪಲಿಲ್ಲ. 1933ರ ಮೊಂಟೆವಿಡಿಯೊ ಒಪ್ಪಂದದ ಪ್ರಕಾರ ದೇಶಕ್ಕೆ ಬೇಕಾದದ್ದು ನಾಲ್ಕು: ಕಾಯಂ ಜನ, ಗೊತ್ತಾದ ನೆಲ, ಸರ್ಕಾರ, ಬೇರೆ ದೇಶಗಳೊಂದಿಗೆ ವ್ಯವಹರಿಸುವ ಶಕ್ತಿ. ನಾಲ್ಕೂ ಇದೆ. ಗಡಿ ಹಿಂದಿನ ಬ್ರಿಟಿಷ್ ವಸಾಹತಿನದೇ, ಹಾಗಾಗಿ ವಸಾಹತು ಕಾಲದ ಗಡಿ ಮುಟ್ಟಬಾರದೆಂಬ ಆಫ್ರಿಕಾ ದೇಶಗಳ 1964ರ ತೀರ್ಮಾನವನ್ನೂ ಮುರಿದಂತಾಗುವುದಿಲ್ಲ. ಆದರೆ ಮಾನ್ಯತೆ ಕೊಡುವವರು ಒಪ್ಪಂದದ ಕಲಮು ನೋಡಿ ಕೊಡುವುದಿಲ್ಲ, ತಮ್ಮ ಲಾಭ ನೋಡಿ ಕೊಡುತ್ತಾರೆ. 2025ರ ಡಿಸೆಂಬರ್‌ನಲ್ಲಿ ಇಸ್ರೇಲ್ ಮಾನ್ಯತೆ ಘೋಷಿಸಿತು. ಬರ್ಬೆರಾದಿಂದ ಕೊಲ್ಲಿ ದಾಟಿದರೆ ಆಚೆ ಯೆಮೆನ್, ಅಲ್ಲಿ ಇಸ್ರೇಲಿನ ವೈರಿಗಳಾದ ಹೌತಿಗಳು. ನಕಾಶೆ ನೋಡಿದವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ.

ಸೊಮಾಲಿಲ್ಯಾಂಡನ್ನು ಹೊಗಳುವವರು ಲಾಸ್ ಅನೋದ್ ಪಟ್ಟಣದ ಹೆಸರು ಬಂದಾಗ ಮಾತು ಬದಲಿಸುತ್ತಾರೆ. ಪೂರ್ವದ ಈ ಪಟ್ಟಣದ ಧುಲ್ಬಹಾಂತೆ ಕುಲದವರು ನಮಗೆ ನಿಮ್ಮ ಹೊಸ ದೇಶ ಬೇಡ, ಸೊಮಾಲಿಯಾದಲ್ಲೇ ಇರುತ್ತೇವೆ ಎಂದರು. 2023ರ ಫೆಬ್ರವರಿಯಲ್ಲಿ ಕಾಳಗ ಶುರುವಾಗಿ, ಹರ್ಗೇಸಾದ ಸೇನೆ ಪಟ್ಟಣದ ಮೇಲೆ ಶೆಲ್ ಸುರಿಸಿತು. ಲಕ್ಷಕ್ಕೂ ಮೀರಿ ಜನ ಊರು ಬಿಟ್ಟರು. ಆಗಸ್ಟ್‌ನಲ್ಲಿ ಸೇನೆಯೇ ಸೋತು ಹಿಂದೆ ಸರಿಯಿತು. ಬೇರೆಯಾಗುವ ಹಕ್ಕು ನಮಗಿದೆ ಎಂದು ಮೂರು ದಶಕ ವಾದಿಸಿದವರಿಗೆ, ಅದೇ ಹಕ್ಕನ್ನು ತಮ್ಮೊಳಗಿನವರು ಕೇಳಿದಾಗ ಕಿವಿ ಕೇಳಿಸಲಿಲ್ಲ. ಒಲ್ಲೆ ಎನ್ನುವ ಸ್ವಾತಂತ್ರ್ಯ ಒಂದು ಕುಲದವರಿಗಿದ್ದು ಇನ್ನೊಂದು ಕುಲದವರಿಗೆ ಇಲ್ಲದಿರುವುದು ಸಾಧ್ಯ ಎಂಬುದನ್ನು ಯೂಬ್ಯಾಂಕ್‌ನ ತೆರಿಗೆ ಸಿದ್ಧಾಂತ ಹೇಳುವುದಿಲ್ಲ.

ಮಾನ್ಯತೆ ಇಲ್ಲದ ಇತರ ದೇಶಗಳದ್ದು ಹೆಚ್ಚಾಗಿ ಒಬ್ಬ ದೊಡ್ಡಣ್ಣನ ನೆರಳಿನ ಬಾಳು. ಉತ್ತರ ಸೈಪ್ರಸ್ಸನ್ನು ಒಪ್ಪಿರುವುದು ತುರ್ಕಿ ಮಾತ್ರ. ಮಾಲ್ಡೋವಾದಿಂದ ಸಿಡಿದ ಟ್ರಾನ್ಸ್‌ನಿಸ್ಟ್ರಿಯಾ ರಷ್ಯಾದ ಪುಕ್ಕಟೆ ಅನಿಲದ ಮೇಲೆ ಮೂರು ದಶಕ ಬದುಕಿತು. ಅದರ ನಾಣ್ಯಗಳಲ್ಲಿ ಕೆಲವು ಪ್ಲಾಸ್ಟಿಕ್ಕಿನವು. ಅಲ್ಲಿನ ಶೆರಿಫ್ ಕ್ಲಬ್ 2021ರಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು ಅವರ ಮೈದಾನದಲ್ಲೇ 2–1ರಿಂದ ಸೋಲಿಸಿತು, ಆಡಿದ್ದು ಮಾತ್ರ ಮಾಲ್ಡೋವಾದ ಲೀಗಿನ ಹೆಸರಿನಲ್ಲಿ. 2025ರ ಜನವರಿ 1ರಂದು ಅನಿಲ ನಿಂತಾಗ ಕೊರೆಯುವ ಚಳಿಯಲ್ಲಿ ಮನೆಗಳ ಬಿಸಿನೀರಿನ ಕೊಳವೆಗಳು ತಣ್ಣಗಾದವು. ದೊಡ್ಡಣ್ಣ ಕೈಬಿಟ್ಟರೆ ಏನಾಗುತ್ತದೆಂದು ನಾಗೊರ್ನೊ ಕರಬಾಖ್ ಇನ್ನೂ ಘೋರವಾಗಿ ತೋರಿಸಿತು. 2023ರ ಸೆಪ್ಟೆಂಬರ್‌ನಲ್ಲಿ ಅಜರ್‌ಬೈಜಾನ್ ಒಂದೇ ದಿನದಲ್ಲಿ ಅದನ್ನು ಮಣಿಸಿತು. ಒಂದು ಲಕ್ಷಕ್ಕೂ ಹೆಚ್ಚು ಆರ್ಮೇನಿಯನ್ನರು ವಾರದೊಳಗೆ ಖಾಲಿ ಮಾಡಿ ಹೊರಟರು. 30 ವರ್ಷ ಸರ್ಕಾರ ನಡೆಸಿದ ಆ ಗಣರಾಜ್ಯ 2024ರ ಜನವರಿ 1ರಿಂದ ಇಲ್ಲ ಎಂದು ಅದರ ಅಧ್ಯಕ್ಷನೇ ಸಹಿ ಹಾಕಿದ.

ಇಂಥ ರಾಜ್ಯ ಅಳಿದ ಮೇಲೆ ಅದು ಬರೆದ ಕಾಗದಗಳ ಗತಿಯೇನು? ಹುಲಿಗಳ ಕೋರ್ಟಿನಲ್ಲಿ ಬಗೆಹರಿದ ಜಮೀನು ವ್ಯಾಜ್ಯ, ಅವರ ಸಂಹಿತೆಯಂತೆ ಕೊಡಿಸಿದ ಪರಿಹಾರ ಶ್ರೀಲಂಕಾದ ಕಾನೂನಿಗೆ ಲೆಕ್ಕಕ್ಕಿಲ್ಲ. ಆದರೆ ಲೋಕದ ನ್ಯಾಯಾಲಯಗಳು ಈ ಪ್ರಶ್ನೆಯಲ್ಲಿ ಕೊಂಚ ಮೆದುವಾಗಿವೆ. ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ 1869ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ದಂಗೆಯೆದ್ದ ರಾಜ್ಯಗಳು ದಂಗೆಗೆ ನೆರವಾಗಲು ಮಾಡಿದ್ದೆಲ್ಲ ಅಸಿಂಧು, ಮದುವೆ, ಕುಟುಂಬ, ಆಸ್ತಿ ವರ್ಗಾವಣೆಯಂಥ ವಿಷಯಗಳಲ್ಲಿ ಮಾಡಿದ್ದು ಸಾಮಾನ್ಯವಾಗಿ ಸಿಂಧು ಎಂದಿತು. ದಕ್ಷಿಣ ಆಫ್ರಿಕಾ ನಮೀಬಿಯಾವನ್ನು ಅಕ್ರಮವಾಗಿ ಆಳುತ್ತಿದೆ ಎಂದು 1971ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಅಭಿಪ್ರಾಯ ಕೊಟ್ಟಾಗಲೂ ಒಂದು ಕಿಂಡಿ ಬಿಟ್ಟಿತು: ಆಡಳಿತ ಅಕ್ರಮವಾದರೂ ಜನನ, ಮರಣ, ವಿವಾಹ ನೋಂದಣಿಗಳನ್ನು ಕಡೆಗಣಿಸುವಂತಿಲ್ಲ, ಕಡೆಗಣಿಸಿದರೆ ನಷ್ಟ ಅಲ್ಲಿನ ನಿವಾಸಿಗಳಿಗೆ. ಸೈಪ್ರಸ್‌ನ ವ್ಯಾಜ್ಯಗಳಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅದೇ ಕಿಂಡಿಯನ್ನು ಮತ್ತೆ ಮತ್ತೆ ಬಳಸಿದೆ. ಕರಬಾಖ್‌ನಿಂದ ಬಂದವರನ್ನು ಆರ್ಮೇನಿಯಾ ತಾತ್ಕಾಲಿಕ ರಕ್ಷಣೆಯಡಿ ನಿರಾಶ್ರಿತರೆಂದು ದಾಖಲಿಸಿಕೊಂಡಿತು. ಪೌರತ್ವ ಬೇಕಾದವರು ಬೇರೆಯಾಗಿ ಅರ್ಜಿ ಹಾಕಬೇಕಾಯಿತು.